ಪದ್ಮಿನಿ ನಡೆಸಿದ ಕಥೆಗಳ ಬಾಗಿನ

ಪದ್ಮಿನಿಗೆ ಸಿಟ್ಟು ಬರುವುದಿಲ್ಲ ಎಂದು ನಮ್ಮ ಗುಂಪಿನಲ್ಲಿ ಎಲ್ಲರೂ ನಂಬಿದ್ದೆವು. ಆ ನಂಬಿಕೆಯಿಂದ ನಮಗೆ ತುಂಬ ಅನುಕೂಲವೂ ಆಗಿತ್ತು. ಗಡುವು ದಾಟಿ ನಾಲ್ಕು ದಿನಕ್ಕೆ ಕಥೆ ಕಳಿಸಿದರೂ ‘ಪರವಾಗಿಲ್ಲ, ಬಂತಲ್ಲ’ ಎನ್ನುತ್ತಿದ್ದಳು. ಕಳಿಸದೇ ಇದ್ದವರಿಗೂ ‘ಆರೋಗ್ಯ ಹೇಗಿದೆ’ ಎಂದೇ ಕೇಳುತ್ತಿದ್ದಳು.

ಅವಳು ಮೈಸೂರಿನವಳು. ಹದಿಮೂರು ವರ್ಷದಿಂದ ನೆದರ್‌ಲ್ಯಾಂಡ್ಸಿನ ಯುಟ್ರೆಕ್ಟಿನಲ್ಲಿ ಒಂದು ವಿಮಾ ಕಂಪನಿಯ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದಲ್ಲಿದ್ದಾಳೆ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ, ಅವರಿಗೆ ಬೇಸರವಾಗದ ಹಾಗೆ ತಿಳಿಸುವುದು ಅವಳ ಉದ್ಯೋಗ. ‘ನನ್ನ ಕಡೆಯದೇ ಸಮಸ್ಯೆ ಇರಬಹುದು, ಆದರೂ ಒಮ್ಮೆ ನೋಡಿ’ ಎಂದು ಶುರುಮಾಡುವುದು ಅವಳಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಮನೆಯಲ್ಲಿ ಗಂಡ ಚಿರಾಗ್ ಗ್ಯಾಸ್ ಆರಿಸದೆ ಹೋದರೂ ಹಾಗೇ ಹೇಳುತ್ತಿದ್ದಳಂತೆ.

ನಮ್ಮೆಲ್ಲರನ್ನೂ ಸೇರಿಸಿದ್ದು ‘ಕೊನೆಯ ಟಪಾಲು’ ಎಂಬ ಧಾರಾವಾಹಿ. ಒಂದು ಸಣ್ಣ ಊರಿನ ಅಂಚೆ ಕಚೇರಿ, ಅಲ್ಲಿ ಪತ್ರ ಹಂಚುವ ಸುಗುಣಾ, ಅವಳ ಮನೆ. ನೂರ ನಲವತ್ತಮೂರನೇ ಕಂತಿಗೆ ಚಾನೆಲ್ಲಿನವರು ಅದನ್ನು ನಿಲ್ಲಿಸಿಬಿಟ್ಟರು. ಸುಗುಣಾ ಒಂದು ಬಾಗಿಲು ತಟ್ಟಿ ನಿಂತಿದ್ದಾಳೆ, ಬಾಗಿಲು ತೆಗೆದವರು ಯಾರೆಂದು ಯಾರಿಗೂ ಗೊತ್ತಾಗಲೇ ಇಲ್ಲ. ಲಾಕ್‌ಡೌನಿನ ಆ ಚಳಿಗಾಲದಲ್ಲಿ ಪದ್ಮಿನಿ ಮತ್ತು ಅವಳ ಗೆಳತಿ ಅಮೂಲ್ಯಾ, ನೆದರ್‌ಲ್ಯಾಂಡ್ಸಿನಲ್ಲಿರುವ ಕನ್ನಡದವರಿಗಾಗಿ ಒಂದು ಆನ್‌ಲೈನ್ ಗುಂಪು ತೆರೆದರು. ಮುಂದಿನ ಕಥೆಯನ್ನು ನಾವೇ ಬರೆಯೋಣ ಎಂದರು. ಯಾರದೋ ಪಾತ್ರಗಳನ್ನು ಇಟ್ಟುಕೊಂಡು ಅಭಿಮಾನಿಗಳು ಬರೆಯುವ ಇಂಥ ಕಥೆಗೆ ಫ್ಯಾನ್ ಫಿಕ್ಷನ್ ಎಂಬ ಹೆಸರಿದೆ ಎನ್ನುವುದು ನಮ್ಮಲ್ಲಿ ಅರ್ಧ ಜನಕ್ಕೆ ಆಮೇಲೆ ತಿಳಿಯಿತು. ರಾಟರ್‌ಡ್ಯಾಮಿನ ಬಂದರಿನ ಒಂದು ಗೋದಾಮಿನಲ್ಲಿ ಹಗಲೆಲ್ಲ ಕಂಟೇನರುಗಳ ಪಟ್ಟಿ ನೋಡುವ ನಾನು, ಶೇಷಾದ್ರಿ, ಮೆಟ್ರೋದಲ್ಲಿ ಕೂತು ಮೊದಲ ಕಥೆ ಬರೆದದ್ದು ಆಗಲೇ.

ಇಲ್ಲಿ ಡಿಸೆಂಬರ್ ಐದಕ್ಕೆ ಸಿಂಟರ್‌ಕ್ಲಾಸ್ ಹಬ್ಬ. ಶಾಲೆಯಲ್ಲಿ ಮಕ್ಕಳು ಚೀಟಿ ಎತ್ತಿ, ಬಂದ ಹೆಸರನ್ನು ಗುಟ್ಟಾಗಿಟ್ಟು, ಆ ಮಗುವಿಗಾಗಿ ಒಂದು ಉಡುಗೊರೆ ಮಾಡಿ ಪದ್ಯ ಬರೆದು ಕೊಡುತ್ತಾರೆ. ತನ್ನ ಮಗಳು ಹಿತಾ ಆ ಕೆಲಸದಲ್ಲಿ ಕೈಯೆಲ್ಲ ಅಂಟು ಮಾಡಿಕೊಂಡು ಕೂತಿದ್ದನ್ನು ನೋಡಿ ಪದ್ಮಿನಿಗೆ ಹೊಳೆದದ್ದು ಕಥೆಗಳ ಬಾಗಿನ. ಹೆಸರು ಕೊಟ್ಟವರೆಲ್ಲ ತಮಗೆ ಎಂಥ ಕಥೆ ಬೇಕೆಂದು ಒಂದು ಪತ್ರ ಬರೆಯಬೇಕು. ಪದ್ಮಿನಿ ಜೋಡಿ ಮಾಡುತ್ತಾಳೆ. ಯಾರು ಯಾರಿಗೆ ಬರೆಯುತ್ತಿದ್ದಾರೆ ಎನ್ನುವುದು ಅವಳಿಗೆ ಮಾತ್ರ ಗೊತ್ತು. ನವೆಂಬರ್ ಇಪ್ಪತ್ತೈದರೊಳಗೆ ಕಥೆ ಅವಳ ಕೈ ಸೇರಬೇಕು. ಡಿಸೆಂಬರ್ ಐದರ ಸಂಜೆ ಎಲ್ಲ ಕಥೆಗಳೂ ಒಟ್ಟಿಗೆ ತೆರೆದುಕೊಳ್ಳುತ್ತವೆ. ಬಾಗಿನ ಕೊಟ್ಟವರು ಬಾಗಿನ ಪಡೆಯದೆ ಹೋಗಬಾರದು, ಅದೊಂದೇ ನಿಯಮ ಎಂದು ಅವಳು ಬರೆದಿದ್ದಳು.

ಈ ಕೆಲಸದ ಭಾರ ಎಷ್ಟೆಂದು ನಾವ್ಯಾರೂ ಯೋಚಿಸಿರಲಿಲ್ಲ. ಮೊದಲು ಒಳ್ಳೊಳ್ಳೆ ಕಥೆ ಬರೆಯುತ್ತಿದ್ದ ಪದ್ಮಿನಿ, ಬಾಗಿನ ಶುರುವಾದ ಮೇಲೆ ಒಂದು ಸಾಲನ್ನೂ ಬರೆದಿರಲಿಲ್ಲ.

ಗುಂಪಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರೆಯುತ್ತಿದ್ದವನು ಶ್ರೀಕರ. ಅವನೂ ರಾಟರ್‌ಡ್ಯಾಮಿನವನೇ, ನನಗೆ ಸ್ನೇಹಿತ. ಅವನು ಒಂದು ಕಥೆ ಹಾಕಿದರೆ ಗುಂಪು ಎರಡು ದಿನ ಅದನ್ನೇ ಮಾತಾಡುತ್ತಿತ್ತು. ಇಂಥವನಿಗೆ ಒಂದು ಚಾಳಿಯಿತ್ತು. ಪ್ರತಿ ವರ್ಷ ಜೋಡಿಯ ಹೆಸರು ಬಂದ ಕೂಡಲೇ ಪದ್ಮಿನಿಗೆ ಗುಟ್ಟಾಗಿ ಸಂದೇಶ ಕಳಿಸುತ್ತಿದ್ದ: ಬೇರೆ ಯಾರನ್ನಾದರೂ ಕೊಡು. ಒಂದು ವರ್ಷ ಇಂಚರಾ ಎಂಬ ಹೊಸಬಳು ಬೇಡವಾದಳು, ಮರುವರ್ಷ ನಂಜುಂಡಸ್ವಾಮಿ ಎಂಬ ಹಿರಿಯರು. ಕಥೆಯ ಗಂಧವಿಲ್ಲದವರಿಗೆ ಬರೆದರೆ ಕಥೆ ಹಾಳಾಗುತ್ತದೆ ಎಂಬುದು ಅವನ ವಾದ. ಪದ್ಮಿನಿ ಪ್ರತಿ ಸಲವೂ ಬದಲಾಯಿಸಿ ಕೊಟ್ಟಿದ್ದಳು. ಅದು ಅಮೂಲ್ಯಾಳನ್ನು ಬಿಟ್ಟರೆ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹೋದ ವರ್ಷ ಮೂವತ್ತೊಂದು ಜನ ಹೆಸರು ಕೊಟ್ಟಿದ್ದರು. ಶ್ರೀಕರನಿಗೆ ಬಂದದ್ದು ಗೌರಾಬಾಯಿಯವರ ಹೆಸರು.

ಗೌರಾಬಾಯಿಯವರಿಗೆ ಅರವತ್ತೆಂಟು ವರ್ಷ. ಗದಗಿನವರು. ಮಗ ಬಸವಪ್ರಸಾದ ಎನ್ಸ್‌ಕೆಡೆಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸಂಶೋಧಕ. ಅವರು ಮಗನ ಮನೆಯಲ್ಲಿದ್ದುಕೊಂಡು, ಫೋನಿನಲ್ಲಿ ಒಂದೇ ಬೆರಳಿನಿಂದ ಕನ್ನಡ ಒತ್ತುವುದನ್ನು ಕಲಿತು, ಮಾತಾಡುವ ಹಾಗೆಯೇ ಬರೆಯುತ್ತಿದ್ದರು. ಅವರ ಪತ್ರ ಹೀಗಿತ್ತು: ‘ಸುಗುಣಾನ ಅತ್ತಿ ತುಂಗಕ್ಕ ಅರವತ್ತನೇ ಎಪಿಸೋಡಿನ್ಯಾಗ ಮಗಳ ಮನಿಗೆ ಹೋಗಿ ಬರ್ತೀನಿ ಅಂತ ಚೀಲಾ ಹಿಡಕೊಂಡು ಹ್ವಾದಾಕಿ ಮತ್ತ ಬರಲೇ ಇಲ್ಲ. ಸೀರಿಯಲ್‌ದಾಗ ಯಾರೂ ಕೇಳಲಿಲ್ಲ. ಆಕಿ ಎಲ್ಲಿದಾಳ, ಏನ್ ಉಣ್ಣಾಕತ್ತಾಳ, ಯಾರ ಜೋಡಿ ಮಾತಾಡ್ತಾಳ, ಅಷ್ಟು ಬರದ ಕೊಟ್ರ ಸಾಕು.’

ಅಂಥ ಒಂದು ಪಾತ್ರವಿತ್ತೆನ್ನುವುದನ್ನೇ ನಾವೆಲ್ಲ ಮರೆತಿದ್ದೆವು.

ಶ್ರೀಕರ ಎಂದಿನಂತೆ ಹೆಸರು ಬದಲಾಯಿಸಲು ಕೇಳಿದ. ಪದ್ಮಿನಿ ಈ ಸಲ ಆಗುವುದಿಲ್ಲ ಎಂದಳು. ದೊಡ್ಡ ನಿಲುವೇನೂ ಅಲ್ಲ, ಜೋಡಿಗಳೆಲ್ಲ ಆಗಿಹೋಗಿದ್ದವು, ಒಂದನ್ನು ಕಿತ್ತರೆ ಇನ್ನು ಐದನ್ನು ಕೀಳಬೇಕಿತ್ತು. ಅವನು ಸರಿ ಎಂದು ಒಂದು ಪದ ಬರೆದು ಸುಮ್ಮನಾದ.

ಇಲ್ಲಿ ನನ್ನ ವಿಷಯವನ್ನೂ ಹೇಳಬೇಕು. ದೊಡ್ಡ ಗುಂಪಿನ ಹಿಂದೆ ನಮ್ಮದೊಂದು ಸಣ್ಣ ಗುಂಪಿತ್ತು. ಶ್ರೀಕರ, ಅಮೂಲ್ಯಾ, ನಾನು ಸೇರಿ ಹತ್ತು ಹನ್ನೆರಡು ಮಂದಿ. ಪದ್ಮಿನಿ ಅದರಲ್ಲಿರಲಿಲ್ಲ. ಶ್ರೀಕರ ಗೌರಾಬಾಯಿಯವರ ಪತ್ರವನ್ನು ಅಲ್ಲಿ ಸಾಲು ಸಾಲಾಗಿ ಹಾಕಿ, ಪ್ರತಿ ಸಾಲಿನ ಕೆಳಗೆ ಒಂದೊಂದು ಕುಹಕ ಬರೆದ. ಆ ಪತ್ರ ಗುಟ್ಟಿನದು, ಬರೆಯುವವನ ಹೊರತು ಇನ್ನೊಬ್ಬರು ನೋಡಬಾರದು. ಅದನ್ನು ಯಾರೂ ಎತ್ತಿ ಆಡಲಿಲ್ಲ. ಅಮೂಲ್ಯಾ ನಗುವ ಮುಖ ಒತ್ತಿದಳು. ನಾನೂ ಒತ್ತಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಅದನ್ನು ಮತ್ತೊಮ್ಮೆ ಓದಿದೆ. ‘ಏನ್ ಉಣ್ಣಾಕತ್ತಾಳ’ ಎಂಬಲ್ಲಿ ನನ್ನ ಕೈಯಲ್ಲಿದ್ದ ಚಪಾತಿ ಬಾಯಿಗೆ ಹೋಗಲಿಲ್ಲ. ಆದರೂ ಒಂಬತ್ತು ದಿನ ಸುಮ್ಮನಿದ್ದೆ. ಹತ್ತನೇ ದಿನ ಆ ಪುಟದ ಚಿತ್ರ ತೆಗೆದು ಪದ್ಮಿನಿಗೆ ಕಳಿಸಿದೆ. ನನ್ನ ನಗುವ ಮುಖವೂ ಅದರಲ್ಲಿತ್ತು.

ಅವಳು ಅದನ್ನು ಯಾರಿಗೂ ತೋರಿಸದೆ ಇಟ್ಟುಕೊಂಡು ಅವನ ಕಥೆಗಾಗಿ ಕಾದಳು.

ನವೆಂಬರ್ ಇಪ್ಪತ್ತೈದಕ್ಕೆ, ಗಡುವಿಗೆ ಸರಿಯಾಗಿ, ಶ್ರೀಕರನ ಕಥೆಯೂ ಬಂತು. ಪದ್ಮಿನಿ ಅದನ್ನು ಆಫೀಸಿನ ಕ್ಯಾಂಟೀನಿನಲ್ಲಿ ಓದಿದಳು. ತುಂಗಕ್ಕ ಎಂಬ ಮುದುಕಿ ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಕಥೆ ಒತ್ತುತ್ತಾ ನಡೆದು ಚರಂಡಿಗೆ ಬೀಳುತ್ತಾಳೆ. ಚರಂಡಿಯೊಳಗೆ ಕೂತು ಊರವರನ್ನೆಲ್ಲ ಉತ್ತರ ಕರ್ನಾಟಕದ ಮಾತಿನಲ್ಲಿ ಬೈಯುತ್ತಾಳೆ. ಊರಿನವರು ನಕ್ಕು ಮುಂದೆ ಹೋಗುತ್ತಾರೆ. ಅಷ್ಟೇ ಕಥೆ. ಕೈಚಳಕವಿತ್ತು, ಓದಿದವರಿಗೆ ನಗು ಬರುವಂತಿತ್ತು. ಪದ್ಮಿನಿಗೆ ಮೊದಲು ಕಿವಿ ಬಿಸಿಯಾಯಿತಂತೆ. ಎದುರು ಕೂತಿದ್ದ ಡಚ್ ಸಹೋದ್ಯೋಗಿ ಏನಾಯಿತೆಂದು ಕೇಳಿದಾಗ, ಏನಿಲ್ಲ ಎಂದಳು. ತಟ್ಟೆ ಎತ್ತಿಕೊಂಡು ಎದ್ದುಹೋದಳು.

ಕಥೆ ಸ್ವೀಕರಿಸುವುದಿಲ್ಲ ಎಂದು ಶ್ರೀಕರನಿಗೆ ಬರೆದಳು. ಅವನು ಇದು ಹಾಸ್ಯ, ನಿಯಮದಲ್ಲಿ ಹಾಸ್ಯ ಬೇಡ ಅಂತ ಎಲ್ಲಿದೆ ತೋರಿಸು ಎಂದ. ಗಡುವಿಗೆ ಸರಿಯಾಗಿ ಕೊಟ್ಟಿದ್ದೇನೆ, ಪದಗಳ ಮಿತಿಯೂ ಸರಿಯಾಗಿದೆ ಎಂದ. ನಿನಗೆ ನಗುವುದು ಗೊತ್ತಿಲ್ಲದಿದ್ದರೆ ಅದು ನನ್ನ ತಪ್ಪಲ್ಲ ಎಂದೂ ಸೇರಿಸಿದ.

ಮರುದಿನ ಅಮೂಲ್ಯಾ ತಾನೇ ಅವಳನ್ನು ಭೇಟಿಯಾಗಲು ಬಂದಳು. ಯುಟ್ರೆಕ್ಟ್ ಸೆಂಟ್ರಲ್ ನಿಲ್ದಾಣದಲ್ಲಿ, ಆಫೀಸು ಬಿಟ್ಟವರು ಗೇಟಿಗೆ ಕಾರ್ಡು ತೋರಿಸಿ ಓಡುವ ಹೊತ್ತಿನಲ್ಲಿ, ಇಬ್ಬರೂ ಕಾಫಿ ಹಿಡಿದು ಒಂದು ಕಂಬಕ್ಕೆ ಒರಗಿ ನಿಂತರು. ಇಬ್ಬರೂ ಮೈಸೂರಿನ ಒಂದೇ ಕಾಲೇಜಿನವರು. ಹಿತಾ ಹುಟ್ಟಿದಾಗ ಹದಿನೈದು ದಿನ ಅಡುಗೆ ಮಾಡಿ ಹಾಕಿದವಳು ಅಮೂಲ್ಯಾ.

“ಒಂದ್ ಕಥೆಗೋಸ್ಕರ ಇಷ್ಟ್ ದೊಡ್ಡ ಇಶ್ಯೂ ಮಾಡ್ಬೇಡ ಕಣೆ,” ಎಂದಳು ಅಮೂಲ್ಯಾ. “ಶ್ರೀಕರ ಹೋದ್ರೆ ಅವನ ಹಿಂದೆ ಎಲ್ಲಾ ಹೋಗ್ತಾರೆ. ಆ ಆಂಟಿಗೆ ಬೇರೆ ಯಾರ್ ಹತ್ರಾನಾದ್ರೂ ಇನ್ನೊಂದ್ ಬರೆಸಿ ಕೊಡೋಣ. ಅವರಿಗೆ ಗೊತ್ತೂ ಆಗಲ್ಲ.”

“ನೀನೂ ನಕ್ಕಿದ್ದೀಯ,” ಎಂದಳು ಪದ್ಮಿನಿ. “ನೋಡ್ದೆ.”

ಅಮೂಲ್ಯಾ ಹೇಳಿದಳು: “ಸರಿ, ನಕ್ಕೆ. ನೀನೇನ್ ಮಾಡ್ದೆ? ಅವನು ಕೇಳ್ದಾಗೆಲ್ಲ ಪೇರ್ ಚೇಂಜ್ ಮಾಡ್ಕೊಟ್ಟಿದ್ದು ಯಾರು? ಇಂಥವರಿಗೆ ಬರೆಯೋದು ತನ್ನ ಲೆವೆಲ್ಲಿಗೆ ಕಡಿಮೆ ಅಂತ ಅವನಿಗೆ ಹೇಳ್ಕೊಟ್ಟಿದ್ದೇ ನೀನು.”

ಪದ್ಮಿನಿ ಕಾಫಿಯ ಲೋಟವನ್ನು ಹಾಗೇ ಕಸದ ಡಬ್ಬಕ್ಕೆ ಹಾಕಿ ಸೈಕಲ್ಲು ನಿಲ್ಲಿಸಿದ್ದ ಕಡೆಗೆ ನಡೆದಳು. ಮನೆಯವರೆಗೂ ಎದುರುಗಾಳಿ. ಪೆಡಲ್ ತುಳಿದು ತುಳಿದು ತೊಡೆ ನೋಯತೊಡಗಿದರೂ ಸಿಟ್ಟು ಇಳಿಯಲಿಲ್ಲ. ಅಮೂಲ್ಯಾ ಹೇಳಿದ್ದರಲ್ಲಿ ಸುಳ್ಳೇನಾದರೂ ಇದ್ದಿದ್ದರೆ ಇಳಿಯುತ್ತಿತ್ತೇನೋ ಎಂದು ಅವಳು ನನಗೆ ಆಮೇಲೆ ಹೇಳಿದಳು.

ಆ ಸಂಜೆ, ಊಟಕ್ಕೆ ಮೊದಲು, ದೊಡ್ಡ ಗುಂಪಿನಲ್ಲಿ ಪದ್ಮಿನಿಯ ನಾಲ್ಕು ಸಾಲು ಬಂದವು. ಶ್ರೀಕರನನ್ನು ಬಾಗಿನದಿಂದ ಮತ್ತು ಗುಂಪಿನಿಂದ ತೆಗೆದಿದ್ದೇನೆ. ಒಬ್ಬರ ಗುಟ್ಟಿನ ಪತ್ರವನ್ನು ಹೊರಗೆ ಹಾಕಿದ್ದಾನೆ, ಅವರಿಗೆ ಕೊಡಲೆಂದು ಅವಮಾನ ಬರೆದು ಕಳಿಸಿದ್ದಾನೆ. ಯಾರಿಗೆ ಎಂದು ಹೇಳುವುದಿಲ್ಲ, ಕೇಳಬೇಡಿ.

ಗೊತ್ತಿಲ್ಲದವರೆಲ್ಲ ಅದನ್ನೇ ಕೇಳಿದರು. ಹೆಸರು ಹೇಳದೆ ಶಿಕ್ಷೆ ಕೊಡುವುದು ಯಾವ ನ್ಯಾಯ ಎಂದರು. ಎಲ್ಲರಿಗಿಂತ ಚೆನ್ನಾಗಿ ಬರೆಯುವವನ ಮೇಲೆ ಹೊಟ್ಟೆಕಿಚ್ಚು ಎಂದರು. ಕ್ಷಮೆ ಕೇಳಿ ಅವನನ್ನು ಮರಳಿ ಸೇರಿಸಬೇಕೆಂದು ಒಬ್ಬರು ಸಹಿ ಸಂಗ್ರಹಿಸಿದರು. ಮೂರು ದಿನದಲ್ಲಿ ಹನ್ನೊಂದು ಜನ ಬಿಟ್ಟುಹೋದರು, ತಾವು ಬರೆದು ಕೊಟ್ಟಿದ್ದ ಕಥೆಗಳನ್ನೂ ವಾಪಸು ಪಡೆದರು. ಅವರಲ್ಲಿ ಅಮೂಲ್ಯಾ ಒಬ್ಬಳು. ಹೀಗೆ, ಬಾಗಿನ ತೆರೆಯಲು ಒಂದು ವಾರವಿರುವಾಗ ಹನ್ನೆರಡು ಜನರಿಗೆ ಕಥೆ ಇಲ್ಲವಾಯಿತು. ಆ ಹನ್ನೆರಡರಲ್ಲಿ ನಾಲ್ವರು ತಾವೇ ಬಿಟ್ಟುಹೋದವರು. ಉಳಿದ ಎಂಟು ಜನ ತಮ್ಮ ಪಾಲಿನದನ್ನು ಪ್ರಾಮಾಣಿಕವಾಗಿ ಬರೆದು ಕೊಟ್ಟು, ತಮಗೆ ಬರುವುದಕ್ಕಾಗಿ ಕಾಯುತ್ತಿದ್ದವರು.

ನಾನು ಎಲ್ಲವನ್ನೂ ಓದಿದೆ. ಒಂದು ಮಾತನ್ನೂ ಬರೆಯಲಿಲ್ಲ.

ಶನಿವಾರ ಪದ್ಮಿನಿ ಎನ್ಸ್‌ಕೆಡೆಗೆ ಹೊರಟಳು. ಯುಟ್ರೆಕ್ಟಿನಿಂದ ಸುಮಾರು ಎರಡು ಗಂಟೆಯ ದಾರಿ. ರೈಲಿನಲ್ಲಿ ಅವಳು ಒಂದು ಮೆತ್ತನೆಯ ಸುಳ್ಳನ್ನು ಸಿದ್ಧ ಮಾಡಿಕೊಂಡಿದ್ದಳು. ನಿಮಗೆ ಬರೆಯಬೇಕಿದ್ದವರಿಗೆ ಹುಷಾರಿಲ್ಲ, ಕಥೆ ಸ್ವಲ್ಪ ತಡವಾಗುತ್ತದೆ.

ಬಾಗಿಲು ತೆರೆದವನು ಬಸವಪ್ರಸಾದ. ಅಮ್ಮ ಸಿಟ್ಟಿನಲ್ಲಿದ್ದಾರೆ ಎಂದು ಮೆಲ್ಲಗೆ ಎಚ್ಚರಿಸಿ, ಸಾಮಾನು ತರುತ್ತೇನೆಂದು ಚೀಲ ಹಿಡಿದು ಹೊರಟುಬಿಟ್ಟ. ಒಳಗೆ ಗೌರಾಬಾಯಿಯವರು ಕಿಟಕಿಯ ಹತ್ತಿರ ಮೇಜಿನ ಮುಂದೆ ಕೂತಿದ್ದರು, ದಪ್ಪ ಸ್ವೆಟರು, ಮೂಗಿನ ಮೇಲೆ ಕನ್ನಡಕ. ಕೂರು ಎಂದೂ ಹೇಳದೆ ಫೋನನ್ನು ಮೇಜಿನ ಮೇಲೆ ತಳ್ಳಿದರು. ಆ ಸಣ್ಣ ಗುಂಪಿನ ಪುಟ ಅದರಲ್ಲಿತ್ತು. ಯಾರೋ ಅವರಿಗೂ ಕಳಿಸಿದ್ದರು. ಅದು ನಾನಲ್ಲ.

“ಇದು ನಿನಗ ಯಾವಾಗ ಗೊತ್ತಾತು?” ಎಂದು ಕೇಳಿದರು.

ಹತ್ತು ದಿನದ ಹಿಂದೆ ಎಂದಳು ಪದ್ಮಿನಿ.

“ಹತ್ತು ದಿನ ನನಗ ಯಾಕ ಹೇಳಲಿಲ್ಲ?”

“ನಿಮ್ಗೆ ಬೇಜಾರಾಗುತ್ತೆ ಅಂತ, ಅಮ್ಮ.”

“ಗದಗಿನ ಟೆಲಿಫೋನ್ ಎಕ್ಸ್‌ಚೇಂಜಿನ್ಯಾಗ ಇಪ್ಪತ್ತಾರು ವರ್ಷ ಕಿವಿಗೆ ವೈರ್ ಹಚ್ಚಿಕೊಂಡು ಕುಂತಾಕಿ ನಾ. ಲೈನ್ ಸಿಗಲಿಲ್ಲಂದ್ರ ಊರ ಮಂದಿ ಎಲ್ಲಾ ನನಗ ಬೈತಿದ್ರು. ಯಾರ ಮಾತಿಗೆ ಏನ್ ಹೇಳಬೇಕು ನನಗ ಗೊತ್ತೈತಿ. ಅವ ಬರದದ್ದಕ್ಕ ನನಗ ಸಿಟ್ಟು ಬಂದೈತಿ. ನೀ ಮುಚ್ಚಿಟ್ಟದ್ದಕ್ಕ ಅದಕ್ಕಿಂತ ಹೆಚ್ಚು ಬಂದೈತಿ. ಅವ ನನ್ನ ದಡ್ಡಿ ಅಂದ. ನೀ ನನ್ನ ಕೂಸು ಮಾಡಿದಿ.”

ಪದ್ಮಿನಿ ರೈಲಿನಲ್ಲಿ ಕಟ್ಟಿಕೊಂಡು ಬಂದಿದ್ದ ಸುಳ್ಳು ಬಾಯಿಗೆ ಬರಲಿಲ್ಲ. ಅದರ ಬದಲು ಉಳಿದದ್ದನ್ನೂ ಹೇಳಿಬಿಟ್ಟಳು. ಹಿಂದಿನ ವರ್ಷಗಳಲ್ಲಿ ಹೆಸರು ಬದಲಾಯಿಸಿದ್ದು, ಇಂಚರಾ, ನಂಜುಂಡಸ್ವಾಮಿ, ಈ ಸಲ ತಾನು ಒಪ್ಪದಿದ್ದುದಕ್ಕೆ ಧೈರ್ಯವಲ್ಲ, ಸೋಮಾರಿತನ ಕಾರಣವೆನ್ನುವುದು, ಎಲ್ಲ. ಹೇಳುವಾಗ ಅವಳ ದನಿ ಏರುತ್ತಾ ಹೋಯಿತು. ಶ್ರೀಕರನ ಮೇಲೆ, ಅಮೂಲ್ಯಾಳ ಮೇಲೆ, ಸಹಿ ಹಾಕಿದವರ ಮೇಲೆ, ಸುಮ್ಮನೆ ಕೂತಿರುವ ನನ್ನಂಥವರ ಮೇಲೆ, ಕೊನೆಗೆ ತನ್ನ ಮೇಲೆ. ಗೌರಾಬಾಯಿಯವರು ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ. ಮುಗಿಯುವವರೆಗೂ ಕಾದು, ಅವನು ಬರೆದ ಕಥೆ ಕೊಡು ಎಂದರು.

ಪದ್ಮಿನಿ ಹಿಂದೆಮುಂದೆ ನೋಡಿದಳು.

“ನನ್ನ ಹೆಸರಿಗೆ ಬರದದ್ದು ನಂದು. ಕೊಡು.”

ಓದಲು ಅವರಿಗೆ ಇಪ್ಪತ್ತು ನಿಮಿಷ ಬೇಕಾಯಿತು. ಎಲ್ಲೂ ನಿಲ್ಲಲಿಲ್ಲ, ಮುಖ ಬದಲಾಗಲಿಲ್ಲ. ಮುಗಿಸಿ ಕನ್ನಡಕ ತೆಗೆದರು. “ಇವಗ ನಮ್ಮ ಮಾತು ಬರೂದಿಲ್ಲ,” ಎಂದರು. “ಇಲ್ಲಿ ನೋಡು. ತುಂಗಕ್ಕ ಸೊಸಿಗೆ ‘ಬರ್ತೀನ್ರಿ’ ಅಂತಾಳ. ಯಾವ ಅತ್ತಿ ಸೊಸಿಗೆ ರೀ ಹಚ್ಚತಾಳ? ಎಲ್ಲಾದಕ್ಕೂ ರೀ ಹಚ್ಚಿದ್ರ ನಮ್ಮ ಮಾತು ಆಗ್ತೈತಿ ಅಂತ ತಿಳಿದಾನ. ಒಂದು ಸಾಲು ಬೆಳಗಾವಿದು, ಒಂದು ಸಾಲು ರಾಯಚೂರದು. ಬೈಗುಳನೂ ತಪ್ಪು.”

ಭಾನುವಾರ ಮಧ್ಯಾಹ್ನ ಗೌರಾಬಾಯಿಯವರ ಬರಹ ಗುಂಪಿನಲ್ಲಿ ಬಂತು. ಶ್ರೀಕರನ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹಾಕಿದ್ದರು. ಮಾತು ತಪ್ಪಿದ ಕಡೆಯೆಲ್ಲ ಕೆಳಗೆ ತಿದ್ದಿದ್ದರು, ನಲವತ್ತೇಳು ಕಡೆ. ಚರಂಡಿಯಲ್ಲಿ ಕೂತು ಬೈಯುವ ಬೈಗುಳಗಳಿಗೂ ಗದಗಿನಲ್ಲಿ ಹೇಗೆ ಬೈಯುತ್ತಾರೆಂದು ಸರಿಯಾದ ರೂಪ ಕೊಟ್ಟಿದ್ದರು. ಕೊನೆಗೆ ಇಷ್ಟು: ‘ಬಾಗಿನ ಯಾರಿಗೆ ಅಂತ ಕೇಳಿದ್ರಿ. ನನಗ. ಮುಟ್ಟೇತಿ. ತಪ್ಪು ತಿದ್ದೀನಿ. ನಾ ತುಂಗಕ್ಕನ್ನ ಕೇಳಿದ್ದೆ, ಆಕಿ ಇದರಾಗ ಇಲ್ಲ. ಖಾಲಿ ಮೊರದ ಮ್ಯಾಲೆ ಇನ್ನೊಂದು ಮೊರ ಮುಚ್ಚಿ ಕೊಟ್ರ ಅದಕ್ಕ ಬಾಗಿನ ಅನ್ನೂದಿಲ್ಲ.’

ಅದರ ಕೆಳಗೆ ಪದ್ಮಿನಿ ತಾನು ಗುಟ್ಟಾಗಿ ಹೆಸರು ಬದಲಾಯಿಸಿದ್ದನ್ನೆಲ್ಲ ಬರೆದಳು. ಯಾವ ವರ್ಷ, ಯಾರ ಹೆಸರು, ಯಾಕೆ ಎಂದು. ಅವಳ ಎಂದಿನ ‘ನನ್ನ ಕಡೆಯದೇ ಸಮಸ್ಯೆ ಇರಬಹುದು’ ಅದರಲ್ಲಿರಲಿಲ್ಲ. ‘ಇದು ನಾನು ಮಾಡಿದ ತಪ್ಪು’ ಎಂದೇ ಇತ್ತು. ಇಂಚರಾ ಅದನ್ನು ಓದಿ ಗುಂಪು ಬಿಟ್ಟಳು. ಅದರಿಂದ ಪದ್ಮಿನಿಗೆ ಹನ್ನೊಂದು ಜನ ಹೋದದ್ದಕ್ಕಿಂತ ಹೆಚ್ಚು ನೋವಾಯಿತು. ನಂಜುಂಡಸ್ವಾಮಿಯವರು ಮಾತ್ರ, ಆ ವರ್ಷ ನನಗೆ ಬಂದ ಕಥೆ ಚೆನ್ನಾಗಿತ್ತಮ್ಮ, ಅವನದಾಗಿದ್ದರೆ ನಾನು ಓದುತ್ತಿರಲಿಲ್ಲ ಎಂದು ಬರೆದರು.

ಶ್ರೀಕರ ಬೇರೆ ಕಡೆ ಒಂದು ಉದ್ದನೆಯ ಬರಹ ಹಾಕಿದ. ಕಲಾವಿದನ ಸ್ವಾತಂತ್ರ್ಯ ಎಂಬ ಮಾತು ಅದರಲ್ಲಿ ಆರು ಸಲ ಬಂತು. ಕ್ಷಮಿಸಿ ಎನ್ನುವುದು ಒಂದು ಸಲವೂ ಬರಲಿಲ್ಲ. ಬಿಟ್ಟುಹೋದವರೊಡನೆ ಹೊಸ ಗುಂಪು ಕಟ್ಟಿದ, ಅದು ಈಗಲೂ ನಡೆಯುತ್ತಿದೆ, ನಮ್ಮದಕ್ಕಿಂತ ದೊಡ್ಡದಾಗಿದೆ. ನನಗೂ ಕರೆ ಬಂತು. ನಾನು ಅವನಿಗೆ ಫೋನು ಮಾಡಿ ಬರುವುದಿಲ್ಲ, ಆ ಚಿತ್ರ ಕಳಿಸಿದ್ದು ನಾನೇ ಎಂದೆ. ಗೆಳೆತನ ಅಲ್ಲಿಗೆ ಮುಗಿಯಿತು. ಅದನ್ನು ಹೇಳಲು ನನಗೆ ಮೂರು ವಾರ ಹಿಡಿದಿತ್ತು, ಹಾಗಾಗಿ ಅದರಲ್ಲಿ ಹೆಮ್ಮೆಪಡುವಂಥದ್ದೇನಿಲ್ಲ.

ಕಥೆಯಿಲ್ಲದೆ ಉಳಿದವರಿಗಾಗಿ ಪದ್ಮಿನಿ ಒಬ್ಬೊಬ್ಬರಿಗೇ ಫೋನು ಮಾಡಿದಳು. ಈಗಾಗಲೇ ಒಂದು ಕಥೆ ಕೊಟ್ಟಿದ್ದವರೇ ಇನ್ನೊಂದು ಬರೆಯಬೇಕಿತ್ತು. ನನಗೆ ಮಾಡಿದಾಗ ಬೇಡಿಕೊಳ್ಳಲಿಲ್ಲ. “ನೀನು ಎರಡು ಬರೀತೀಯ. ಗುರುವಾರದೊಳಗೆ,” ಎಂದು ಇಟ್ಟುಬಿಟ್ಟಳು. ಬರೆದೆ. ಗೌರಾಬಾಯಿಯವರೂ ಒಂದು ಹೆಚ್ಚಿಗೆ ಬರೆದರು. ತುಂಗಕ್ಕನ ಕಥೆಯನ್ನು ಪದ್ಮಿನಿ ಯಾರಿಗೂ ಕೊಡಲಿಲ್ಲ. ಎಷ್ಟೋ ವರ್ಷದ ಮೇಲೆ ತಾನೇ ಕೂತಳು. ನಾಲ್ಕು ದಿನ, ಆಫೀಸಿಗೆ ರಜೆ ಹಾಕಿ. ಹಿತಾ ಶಾಲೆಯಿಂದ ಬಂದು ಡಚ್ಚಿನಲ್ಲಿ ಏನೋ ಕೇಳಿದರೆ ಕೈ ಅಡ್ಡ ಹಿಡಿದು ಆಮೇಲೆ ಎನ್ನುತ್ತಿದ್ದಳಂತೆ. ಕಥೆಯಲ್ಲಿ ತುಂಗಕ್ಕ ಮಗಳ ಮನೆಗೆ ಹೋಗಿಯೇ ಇರಲಿಲ್ಲ. ಬಸ್ ನಿಲ್ದಾಣದಲ್ಲಿ ಇಳಿದು, ಅಲ್ಲೇ ಹತ್ತಿರದ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ಸೇರಿದ್ದಳು. ಯಾರ ಮೇಲಿನ ಸಿಟ್ಟಿಗೆ ಬಂದಳೋ ಅವರಿಗೆ ದಿನಾ ಮನಸ್ಸಿನಲ್ಲೇ ಉತ್ತರ ಕೊಡುತ್ತಾ ರೊಟ್ಟಿ ಬಡಿಯುತ್ತಿದ್ದಳು.

ಡಿಸೆಂಬರ್ ಐದರ ಸಂಜೆ ಬಾಗಿನ ತೆರೆಯಿತು. ಉಳಿದವರಲ್ಲಿ ಯಾರಿಗೂ ತಪ್ಪಲಿಲ್ಲ. ಹಿಂದಿನ ವರ್ಷಗಳ ಸಡಗರವೂ ಇರಲಿಲ್ಲ. ಗೌರಾಬಾಯಿಯವರು ಎರಡು ದಿನ ಬಿಟ್ಟು ಪದ್ಮಿನಿಗೆ ಫೋನು ಮಾಡಿ ಖಾನಾವಳಿಯ ಭಾಗ ಸರಿ ಇದೆ, ಕೊನೆಗೆ ಸುಗುಣಾ ಹುಡುಕಿಕೊಂಡು ಬಂದು ಅಳುವುದು ಬ್ಯಾಡಾಗಿತ್ತು, ನೀನು ಅವಸರ ಮಾಡಿದಿ ಎಂದರು. ಪದ್ಮಿನಿ ಆ ಭಾಗವನ್ನು ತೆಗೆದು ಮತ್ತೆ ಬರೆಯುತ್ತಿದ್ದಾಳೆ.

ಅಮೂಲ್ಯಾಳೂ ಅವಳೂ ಯುಗಾದಿಗೆ ಕನ್ನಡ ಸಂಘದ ಸಭಾಂಗಣದಲ್ಲಿ ಎದುರಾದರು. ಮಕ್ಕಳ ಶಾಲೆಯ ವಿಷಯ ಮಾತಾಡಿದರು, ಬೇವು ಬೆಲ್ಲ ತೆಗೆದುಕೊಂಡರು, ಬೇರೆ ಬೇರೆ ಮೇಜಿಗೆ ಹೋಗಿ ಊಟಕ್ಕೆ ಕೂತರು. ಸಿಟ್ಟು ಇನ್ನೂ ಇದೆಯಾ ಎಂದು ನಾನು ಪದ್ಮಿನಿಯನ್ನು ಕೇಳಿದ್ದಕ್ಕೆ ಅವಳು ಇದೆ ಎಂದಳು, ಸಾರು ಬಡಿಸಿಕೊಳ್ಳುತ್ತಾ, ನಿನ್ನ ಮೇಲೂ ಇದೆ.

ಈ ವರ್ಷದ ಬಾಗಿನಕ್ಕೆ ಹೆಸರು ಕೊಡಲು ಕರೆ ಬಂದಿದೆ. ಜೋಡಿ ಮಾಡುವವರು ಗೌರಾಬಾಯಿಯವರು. ಬದಲಾಯಿಸಿ ಎಂದು ಕೇಳುವವರು ಗುಂಪಿನೆದುರೇ ಕೇಳಬೇಕು. ಇಲ್ಲಿಯವರೆಗೆ ಹದಿನಾಲ್ಕು ಜನ ಸೇರಿದ್ದೇವೆ.